ತುಂಬಿದ ಬಟ್ಟಲು

ಕೊರಿಸು ಹಬ್ಬದ ದಿನ ಅತಿರಾವು ಪಟ್ಟಣದಲ್ಲಿ ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡಿರುತ್ತಾರೆ. ಹಿಮ ಕರಗಿ ಬೀದಿಯೆಲ್ಲ ಮೊಣಕಾಲುದ್ದ ಕೆಸರಾಗುವ ಹೊತ್ತಿಗೆ ಸರಿಯಾಗಿ ಬರುವ ಹಬ್ಬ ಇದು. ಕಿರಿಯರು ಹಿರಿಯರ ಮನೆಮನೆಗೆ ಹೋಗಬೇಕು, ಎರಡು ಕೈಯಿಂದ ಅವರ ಎರಡೂ ಕೈ ಹಿಡಿದು ಹೊಸ ವರ್ಷ ಶುಭವಾಗಲಿ ಅನ್ನಬೇಕು, ಕೂರಬೇಕು, ತಿನ್ನಬೇಕು. ತಿನ್ನದೆ ಎದ್ದರೆ ಆ ಮನೆಯವರು ಮುಂದಿನ ವಸಂತದವರೆಗೂ ಅದನ್ನೇ ಆಡಿಕೊಳ್ಳುತ್ತಾರೆ. ಗಂಡಸರಿಗೆ ಇದು ಹಬ್ಬ, ಮಕ್ಕಳಿಗೆ ಜೇಬು ತುಂಬ ಮಿಠಾಯಿ. ಕಂಕುಳಲ್ಲೊಂದು, ಕೈಯಲ್ಲೊಂದು ಮಗು ಕಟ್ಟಿಕೊಂಡು ಗಂಡನ ಕಡೆಯವರ ಮನೆ ಸುತ್ತುವ ಸೊಸೆಗೆ ಇದು ಏನು ಎಂದು ಇವತ್ತಿನವರೆಗೆ ಯಾರೂ ಕೇಳಿದ್ದಿಲ್ಲ.

ಅಕ್ಮರಾಲಳನ್ನು ಕೇಳಿದ್ದರೆ ಹೇಳುತ್ತಿದ್ದಳು, ಅದೂ ಚೆನ್ನಾಗಿಯೇ ಹೇಳುತ್ತಿದ್ದಳು.

ಅವಳ ಕಂಕುಳಲ್ಲಿದ್ದವನು ಮಗ ಅಲ್ದಿಯಾರ್. ಇವತ್ತೋ ನಾಳೆಯೋ ಹೆಜ್ಜೆ ಇಡುವ ಮಗು. ವಾರದಿಂದ ಸೋಫಾ ಹಿಡಿದು ನಿಲ್ಲುತ್ತಿದ್ದ, ಕೈ ಬಿಟ್ಟು ಒಂದು ಗಳಿಗೆ ತೂಗಾಡಿ ದೊಪ್ಪನೆ ಕೂರುತ್ತಿದ್ದ. ಮಗು ಮೊದಲ ಹೆಜ್ಜೆ ಹಾಕುವ ಮುಂಚೆ ಅದರ ಕಾಲಿಗೆ ಕಪ್ಪು ಬಿಳಿ ಉಣ್ಣೆಯ ಹುರಿ ಕಟ್ಟಿ ಕತ್ತರಿಸುವ ಶಾಸ್ತ್ರವಾಗಬೇಕು. ಕತ್ತರಿಸಿದವರ ಗುಣವೇ ಮಗುವಿಗೆ ಬರುತ್ತದೆ ಅನ್ನುವುದು ಎಲ್ಲರೂ ಒಪ್ಪಿದ ಮಾತು. ದೊಡ್ಡ ಮಗಳು ಮೋಲ್ದಿರಳ ಹುರಿ ಕತ್ತರಿಸಿದವಳು ಗಂಡನ ಅಕ್ಕ ಉಲ್ಬೋಸಿನ್. ಅಕ್ಮರಾಲಳ ತಾಯಿ ಬಾತಿಮಾ ನದಿಯಾಚೆಯ ಹಳ್ಳಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಶಾಸ್ತ್ರ ಮುಗಿದು ಮಾಂಸ ಬಡಿಸಿಯಾಗಿತ್ತು.

"ನೀವು ಬರೋದು ತಡ ಆಯ್ತಲ್ಲ ಬೀಗರೇ, ಮಗು ಕಾಲು ಕಾಯ್ಕೊಂಡು ಕೂತಿರುತ್ತಾ?" ಅಂದಿದ್ದಳು ಉಲ್ಬೋಸಿನ್. ಬಾತಿಮಾ ತಾನೇ ನೂತು ತಂದಿದ್ದ ಹುರಿಯನ್ನು ಕೋಟಿನ ಜೇಬಿಗೆ ವಾಪಸು ಹಾಕಿಕೊಂಡು, ಟೀ ಕುಡಿದು ಹೋಗಿದ್ದಳು. ಮೋಲ್ದಿರಳಿಗೆ ಈಗ ಐದು ವರ್ಷ. ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ಬಾಯಿ ಮುಚ್ಚುವುದಿಲ್ಲ, ಥೇಟ್ ಸೋದರತ್ತೆ. ಶಾಸ್ತ್ರ ಸುಳ್ಳು ಅನ್ನುವ ಹಾಗಿಲ್ಲ.

ಅಂದು ಅಮ್ಮ ಜೇಬಿಗೆ ಕೈ ಹಾಕಿದ್ದು ಅಕ್ಮರಾಲಳ ಕಣ್ಣಿನಿಂದ ಹೋಗಿರಲಿಲ್ಲ. ಈ ಮಗುವಿನ ಹುರಿ ನೀನೇ ಕತ್ತರಿಸಬೇಕು ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದಳು. ಅಮ್ಮ ಹೇಳಿದ್ದು ಇಷ್ಟೇ: "ಅದೇ ಹುರಿ ಇಟ್ಕೊಂಡಿದೀನಿ. ಹೊತ್ತು ಮುಳುಗೋದ್ರೊಳಗೆ ಬಾ ತಾಯಿ. ಹೊತ್ತು ಮುಳುಗಿದ ಮೇಲೆ ಇಂಥದ್ದು ಮಾಡಬಾರದು."

ಗಂಡ ಬೆರ್ದಿಬೆಕ್ ಕೂಡ ಒಪ್ಪಿದ್ದ. "ಮಧ್ಯಾಹ್ನಕ್ಕೆಲ್ಲ ಈ ಕಡೆ ಮುಗಿಸಿ ಹೊರಟುಬಿಡೋಣ. ಅಕ್ಕನಿಗೆ ಮಾತ್ರ ಈಗಲೇ ಹೇಳೋದು ಬೇಡ, ಸುಮ್ನೆ ಮನಸ್ಸಿಗೆ ಹಚ್ಕೋತಾಳೆ" ಅಂದಿದ್ದ. ಆದರೆ ಬೆರ್ದಿಬೆಕನ ಮಧ್ಯಾಹ್ನ ರಬ್ಬರಿನಂಥದ್ದು, ಎಳೆದಷ್ಟೂ ಬರುತ್ತದೆ. ಅಪ್ಪ ಅಮ್ಮ ಹೋದಾಗ ಅವನು ಇನ್ನೂ ಶಾಲೆಯ ಹುಡುಗ. ಸಾಕಿದವಳು ಉಲ್ಬೋಸಿನ್. ಅವಳು ಕೂರು ಅಂದರೆ ಕೂತ, ಏಳು ಅಂದರೆ ಎದ್ದ. ಹಬ್ಬದ ದಿನ ಕಾರಿನ ಮುಂದಿನ ಸೀಟು ಕೂಡ ಅವಳದ್ದೇ, ಹೆಂಡತಿ ಮಕ್ಕಳು ಹಿಂದೆ.

ಬೆಳಿಗ್ಗೆ ಮೊದಲು ಕೈ ಹಿಡಿದದ್ದು ಕುಲಕ್ಕೆಲ್ಲ ಹಿರಿಯಳಾದ ಕಾನಿಪಾ ಅಜ್ಜಿಯದು. ಅಲ್ಲಿಂದ ಶುರುವಾಯಿತು ನೋಡಿ. ದೊಡ್ಡಪ್ಪನ ಮನೆ, ಚಿಕ್ಕಪ್ಪನ ಮನೆ, ಚಿಕ್ಕಪ್ಪನ ಬೀಗರ ಮನೆ, ಬೆರ್ದಿಬೆಕನ ಅಪ್ಪನ ಜೊತೆ ಮೀನು ಕಾರ್ಖಾನೆಯಲ್ಲಿ ದುಡಿದವನೊಬ್ಬನ ಮನೆ. ಎಲ್ಲ ಮನೆಯಲ್ಲೂ ಅದೇ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕ್, ಅದೇ ಹುಳಿ ಗಂಜಿ, ಅದೇ ಕುದುರೆ ಮಾಂಸದ ಹೋಳು, ಅದೇ ಮಾತು.

"ಅದ್ಯಾಕೆ ಮಗೂನ ಕೋತಿಮರಿ ಥರ ಅಂಟಿಸ್ಕೊಂಡಿದೀಯ? ಕೆಳಗೆ ಬಿಡೇ."

"ಶೀತ ಆಗಿದೆ ದೊಡ್ಡಮ್ಮ."

"ನಮ್ಮನೆ ನೆಲ ಕಚ್ಚಲ್ಲ ಕಣಮ್ಮ."

ಮಗು ಕೈಯಲ್ಲಿ ಹಿಡಿದ ಮೀನಿನ ಹಾಗೆ ಕೊಸರುತ್ತಿತ್ತು. ಕಂಬಳಿಯ ಮೇಲೆ ಬೇರೆ ಮಕ್ಕಳು ಹೊರಳಾಡುವುದನ್ನು ಕಂಡು ಕಾಲು ಒದೆಯುತ್ತಿತ್ತು. ಅಕ್ಮರಾಲಳ ಎಡಗೈ ಮರಗಟ್ಟಿ, ಬಲಗೈಗೆ ವರ್ಗಾಯಿಸಿ, ಬಲಗೈಯೂ ಮರಗಟ್ಟಿತ್ತು. ಅಷ್ಟು ಸಾಲದು ಅನ್ನುವಂತೆ ಎಲ್ಲ ಮನೆಯಲ್ಲೂ ಟೀ ಹಾಕುವ ಕೆಲಸ ಅವಳದ್ದೇ. ಕೂತವರಲ್ಲಿ ಕಿರಿಯ ಸೊಸೆ ಯಾರೋ ಅವಳೇ ಟೀ ನೀರು ಕಾಯುವ ಸಮೋವರಿನ ಪಕ್ಕ ಕೂರಬೇಕು. ಅದೂ ಹೇಗೆ ಹಾಕಬೇಕು? ಬಟ್ಟಲಿನ ತಳ ಮುಳುಗಿತೋ ಇಲ್ಲವೋ ಅನ್ನುವಷ್ಟು, ಒಂದು ಗುಟುಕು. ಅದು ಮರ್ಯಾದೆ, ಇನ್ನೂ ಕೂತಿರಿ ಅಂತ ಅರ್ಥ. ಬಟ್ಟಲು ಖಾಲಿಯಾಗಿ ಬರುತ್ತದೆ, ಮತ್ತೆ ಒಂದು ಗುಟುಕು. ಹೀಗೆ ಒಬ್ಬೊಬ್ಬರಿಗೂ ಹತ್ತು ಸಲ. ಕಂಠಮಟ್ಟ ತುಂಬಿಸಿ ಕೊಟ್ಟರೆ ಮುಗಿಯಿತು, ಕುಡಿದು ಎದ್ದು ಹೋಗು ಅಂದ ಹಾಗೆ. ಅಂಥ ಬಟ್ಟಲು ಕೊಟ್ಟು ಕೆಟ್ಟ ಹೆಸರು ತಗೊಂಡ ಸೊಸೆಯರ ಕತೆಗಳನ್ನು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದಲೇ ಹೇಳಿರುತ್ತಾರೆ.

ಹಾಗಾಗಿ ಅವಳು ಮಗುವನ್ನು ತೊಡೆಯ ಸಂದಿಯಲ್ಲಿ ಅವುಚಿಕೊಂಡು, ಅದರ ಕೈ ಬಿಸಿ ಕೆಟಲಿಗೆ ತಾಗದಂತೆ ನೋಡಿಕೊಂಡು ಗುಟುಕು ಗುಟುಕು ಹಾಕಿದಳು. ತಾನು ಕುಡಿಯಲಿಲ್ಲ. ಅವಳಿಗೆ ಹಾಕುವವರು ಯಾರಿದ್ದರು?

ಪ್ರತಿ ಮನೆಯಲ್ಲೂ ಗಂಡನ ಕಡೆ ಕಣ್ಣು ಬಿಟ್ಟು ನೋಡುತ್ತಿದ್ದಳು. ಅವನು ಐದು ಬೆರಳು ತೋರಿಸುತ್ತಿದ್ದ. ಐದು ನಿಮಿಷ. ಹಾಗೆ ತೋರಿಸಿದವನು ಮತ್ತೆ ಚಿಕ್ಕಪ್ಪನ ಒಂಟೆ ಕಾಲು ಮುರಿದುಕೊಂಡ ಕತೆಗೆ ತಲೆಯಾಡಿಸುತ್ತಿದ್ದ. ಆ ಕತೆಯನ್ನು ಹೋದ ವರ್ಷವೂ ಕೇಳಿದ್ದ. ಹೋದ ವರ್ಷವೂ ತವರಿಗೆ ಹೋಗುವಷ್ಟರಲ್ಲಿ ಅಮ್ಮ ಬಾಗಿಲು ಹಾಕಿ ಮಲಗಿದ್ದಳು, ತಣ್ಣಗಾದ ಗಂಜಿಯನ್ನು ಎದ್ದು ಬಿಸಿ ಮಾಡಿದ್ದಳು.

ಕಾರ್ಖಾನೆಯವನ ಮನೆಯಲ್ಲಿ ಗುಟ್ಟು ಒಡೆಯಿತು. ಆ ಮನೆಯ ಹೆಂಗಸು ಒಳ್ಳೆಯವಳೇ. ಅಕ್ಮರಾಲ್ ಪಾಡು ಪಡುವುದು ನೋಡಲಾರದೆ ಮಗುವಿಗೆ ಕೈ ಚಾಚಿದಳು. ಅಕ್ಮರಾಲ್ ಬೇಡ ಬೇಡ ಅನ್ನುವಾಗ, ಬಾಯಲ್ಲಿ ಮಿಠಾಯಿ ತುಂಬಿಕೊಂಡಿದ್ದ ಮೋಲ್ದಿರ್ ಎದ್ದು ನಿಂತಳು.

"ನಮ್ಮಮ್ಮ ಬಿಡಲ್ಲ! ಬಿಟ್ರೆ ಅವ್ನು ನಡೆದ್ಬಿಡ್ತಾನೆ! ಹಳ್ಳಿ ಅಜ್ಜಿ ಮನೇಲಿ ಹುರಿ ಕತ್ತರಿಸ್ಬೇಕು. ಅತ್ತೆಗೆ ಹೇಳ್ಬಾರ್ದು ಅಂತ ಅಪ್ಪ ಹೇಳಿದಾನೆ!"

ಅತ್ತೆ ಅಲ್ಲೇ ಕೂತಿದ್ದಳು. ಬಾಯಿಗೆ ಹೋಗುತ್ತಿದ್ದ ಬೌರ್ಸಾಕ್ ಅಲ್ಲೇ ನಿಂತಿತು. ಬೆರ್ದಿಬೆಕ್ ತನ್ನ ಕಾಲಿನ ಕಾಲುಚೀಲವನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ.

ಕಾರಿನಲ್ಲಿ ಉಲ್ಬೋಸಿನ್ ಸ್ವಲ್ಪ ದೂರ ತಲೆ ಬಗ್ಗಿಸಿ ಫೋನು ಒತ್ತುತ್ತ ಕೂತಳು. ಆಮೇಲೆ ಗಾಜಿನ ಆಚೆ ನೋಡುತ್ತ ಅಂದಳು: "ಹೌದಪ್ಪ, ನನಗ್ಯಾಕೆ ಹೇಳ್ತೀರ. ನಾನ್ಯಾರು."

"ಹಾಗಲ್ಲಕ್ಕ..."

"ಇಲ್ಲ ಇಲ್ಲ, ಹೋಗಿ. ಖಂಡಿತ ಹೋಗಿ. ನಮ್ಮನೇಲಿ ಒಲೆ ಮೇಲೆ ಮಾಂಸ ಇದೆ, ಅಜ್ಜೀನೂ ಕರೆಸಿದೀನಿ. ಒಂದೇ ಒಂದು ಬಟ್ಟಲು ಟೀ ಕುಡಿದು ಹೋಗಿ. ಅಷ್ಟೂ ಬೇಡ ಅಂದ್ರೆ ಇಲ್ಲೇ ರಸ್ತೇಲಿ ಇಳಿಸಿಬಿಡು, ನಡ್ಕೊಂಡು ಹೋಗ್ತೀನಿ."

"ರೀ, ಗಂಟೆ ನೋಡಿ" ಅಂದಳು ಅಕ್ಮರಾಲ್ ಹಿಂದಿನಿಂದ.

"ಒಂದು ಬಟ್ಟಲಲ್ವೇನೇ. ಐದು ನಿಮಿಷ."

ಆ ಮಾತು ಮುಗಿಯುವಷ್ಟರಲ್ಲಿ ಮೋಲ್ದಿರ್ ಐದು ಮನೆಯ ಮಿಠಾಯಿಯನ್ನು ಅಮ್ಮನ ಹೊಸ ಲಂಗದ ಮೇಲೆ ವಾಂತಿ ಮಾಡಿದಳು. ಅಕ್ಮರಾಲ್ ಅಲ್ದಿಯಾರನ ಟವೆಲಿನಿಂದ ಒರೆಸಿಕೊಂಡಳು. ಅಳು ಬರಲಿಲ್ಲ. ಸಿಟ್ಟು ತುಂಬಿತ್ತು, ಅಳುವಿಗೆ ಜಾಗವಿರಲಿಲ್ಲ.

ಉಲ್ಬೋಸಿನಳ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಬಾಗಿಲಿಗೆ ಎದುರಾದ ಮೇಲಿನ ಜಾಗದಲ್ಲಿ, ದಿಂಬುಗಳ ನಡುವೆ, ಬಿಳಿ ತಲೆವಸ್ತ್ರದ ಕಾನಿಪಾ ಅಜ್ಜಿ. ಒಳಗಿನ ಕೊಪ್ಪರಿಗೆಯಿಂದ ಮಾಂಸದ ಹಬೆ. ಅಕ್ಮರಾಲ್ ಅಭ್ಯಾಸದಂತೆ ಸಮೋವರಿನ ಪಕ್ಕ ಕೂತಳು. ಕೂತ ಮೇಲೆ ಕಾಣಿಸಿತು: ಊಟದ ಹಾಸಿನ ಮೇಲೆ, ಒಣದ್ರಾಕ್ಷಿ ತಟ್ಟೆಯ ಪಕ್ಕದಲ್ಲಿ, ಒಂದು ಕತ್ತರಿ. ಕತ್ತರಿಗೆ ಸುತ್ತಿದ ಹೊಸ ದಾರ, ಅಂಗಡಿಯದು, ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ಉಲ್ಬೋಸಿನ್ ದಾರಿಯಲ್ಲೇ ಫೋನಿನಲ್ಲಿ ಗುಟ್ಟಾಗಿ ಬರೆದು ಮನೆಯಲ್ಲಿದ್ದ ತನ್ನ ಮಗಳ ಕೈಲಿ ತರಿಸಿದ್ದಾಳೆ.

"ನೋಡಿ," ಅಂದಳು ಉಲ್ಬೋಸಿನ್, ಎಲ್ಲರಿಗೂ ಕೇಳುವಂತೆ. "ಹಿರೀಕರು ಕೂತಿದಾರೆ, ಮಾಂಸ ಬೆಂದಿದೆ, ಜನ ಸೇರಿದಾರೆ. ಮಗು ಕಾಲು ಒದೀತಾ ಇದೆ. ಇದನ್ನ ಬಿಟ್ಟು ಆ ಕೆಸರಲ್ಲಿ ನದಿಯಾಚೆ ಯಾಕೆ ಹೋಗ್ಬೇಕು? ಇಲ್ಲೇ ಕತ್ತರಿಸೋಣ. ಬೀಗರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಬೇಜಾರು ಮಾಡ್ಕೊಳಲ್ಲ ಅವ್ರು."

"ಮಾಡ್ಕೊಳಲ್ಲ" ಅನ್ನುವುದೇ ಅಕ್ಮರಾಲಳ ಎದೆಗೆ ಇರಿಯಿತು. ನಿಜ, ಅಮ್ಮ ಏನೂ ಅನ್ನುವುದಿಲ್ಲ. ಹುರಿಯನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾಳೆ.

"ನಾನು ಅಮ್ಮನಿಗೆ ಮಾತು ಕೊಟ್ಟಿದೀನಿ ಅತ್ತಿಗೆ" ಅಂದಳು.

"ಮಾತು ಎಲ್ಲಿಗೆ ಓಡಿಹೋಗುತ್ತೆ? ಮುಂದಿನ ಮಗೂಗೆ ಕತ್ತರಿಸ್ಲಿ." ಯಾರೋ ನಕ್ಕರು. ಉಲ್ಬೋಸಿನ್ ಬಗ್ಗಿ ಅವಳ ತೊಡೆಯಿಂದ ಮಗುವನ್ನು ಎತ್ತಿಕೊಂಡೇ ಬಿಟ್ಟಳು. "ಏನೋ ಬೆರ್ದಿ, ನೀನೇನಂತೀಯ?"

ಬೆರ್ದಿಬೆಕ್ ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನ ಸ್ಥಿತಿ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನದ್ದು. "ಅದೂ ಸರೀನೇ," ಅಂದ, "ಮೊದ್ಲು ಎಲ್ರೂ ಟೀ ಕುಡೀಲಿ, ಆಮೇಲೆ ನೋಡೋಣ."

ಟೀ ಕುಡೀಲಿ. ಬೆಳಗಿನಿಂದ ಈ ಊರಿನ ಅರ್ಧ ಜನಕ್ಕೆ ಟೀ ಕುಡಿಸಿದ್ದಳು. ಅಕ್ಮರಾಲ್ ಗಂಡನ ಬಟ್ಟಲು ಎತ್ತಿಕೊಂಡಳು. ತಳದಲ್ಲಿ ನೀಲಿ ಹೂವಿನ ಚಿತ್ತಾರ. ಹೂವು ಮುಳುಗಿತು, ಅವಳು ನಿಲ್ಲಿಸಲಿಲ್ಲ. ಅರ್ಧವಾಯಿತು, ಮುಕ್ಕಾಲಾಯಿತು, ಅಂಚಿಗೆ ಬಂದು ನಡುಗುತ್ತ ನಿಂತಿತು. ಎದ್ದೇಳು, ಮನುಷ್ಯನಾಗಿದ್ದರೆ ಈಗ ಎದ್ದೇಳು ಅನ್ನುವುದನ್ನು ಅದಕ್ಕಿಂತ ಗಟ್ಟಿಯಾಗಿ ಹೇಳಲು ಆ ಕೋಣೆಯಲ್ಲಿ ಬೇರೆ ದಾರಿ ಇರಲಿಲ್ಲ. ಬೆರಳು ಸುಡುತ್ತಿದ್ದರೂ ಅದನ್ನು ಅವನ ಕೈಗೆ ಕೊಟ್ಟಳು.

ಬೆರ್ದಿಬೆಕನಿಗೆ ಒಳ್ಳೆಯ ನಡತೆ ಕಲಿಸಿದ್ದು ಅಕ್ಕ. ಮೊದಲ ಬಟ್ಟಲು ಯಾವಾಗಲೂ ಹಿರಿಯರಿಗೆ. ಅವನು ಕತ್ತರಿಯನ್ನೇ ನೋಡುತ್ತಿದ್ದವನು ಬಟ್ಟಲನ್ನು ನೋಡದೆ ಪಕ್ಕದವನಿಗೆ ದಾಟಿಸಿದ. ಪಕ್ಕದವನು ಚಿಕ್ಕಪ್ಪನಿಗೆ. ಚಿಕ್ಕಪ್ಪನಿಗೆ ಬೆರಳ ಮೇಲೆ ಬಿಸಿ ಚೆಲ್ಲಿದಾಗ ತಿಳಿಯಿತು, ಆದರೆ ಆಗಲೇ ಕಾನಿಪಾ ಅಜ್ಜಿಯ ಕೈ ಮುಂದೆ ಬಂದಿತ್ತು.

ಅಜ್ಜಿಯ ಕೈಯಲ್ಲಿ ಕಂಠಮಟ್ಟ ಟೀ.

ಮೋಲ್ದಿರಳೂ ಸುಮ್ಮನಾದಳು ಅಂದರೆ ನೋಡಿ. ಉಲ್ಬೋಸಿನಳ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು. "ಅಯ್ಯೋ ಪಾಪಿ," ಅಂದಳು ಹಲ್ಲು ಕಚ್ಚಿ, "ಕುಲದ ಹಿರಿಯಳನ್ನ ಎದ್ದು ಹೋಗು ಅಂತೀಯ? ಅದೂ ನನ್ನ ಮನೇಲಿ?"

ಅಕ್ಮರಾಲಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಅಜ್ಜೀ, ಅದು ನಿಮಗಲ್ಲ..." ಅಂದಳು. ನಿಮಗಲ್ಲ, ನನ್ನ ಗಂಡನಿಗೆ ಅನ್ನುವುದೇನು ಕಡಿಮೆ ಮಾನಗೇಡೇ?

ಅಜ್ಜಿ ಬಟ್ಟಲನ್ನು ನೋಡಿದಳು. ವಾಂತಿಯ ಕಲೆಯ ಲಂಗ ನೋಡಿದಳು. ಉಲ್ಬೋಸಿನಳ ಕೈಯಲ್ಲಿ ಒದ್ದಾಡುತ್ತಿದ್ದ ಮಗುವನ್ನು, ಕತ್ತರಿಯನ್ನು ನೋಡಿದಳು. ಆಮೇಲೆ ಬಟ್ಟಲಿಗೆ ಬಾಯಿ ಹಚ್ಚಿ, ಊದಿ ಊದಿ ನಿಧಾನವಾಗಿ, ಎಲ್ಲರೂ ನೋಡುತ್ತಿದ್ದಂತೆ ಕೊನೆಯ ಹನಿಯವರೆಗೂ ಕುಡಿದು ಬಟ್ಟಲನ್ನು ಬೋರಲು ಹಾಕಿದಳು.

"ಅಬ್ಬ," ಅಂದಳು. "ಈ ಕುಲಕ್ಕೆ ಸೊಸೆಯಾಗಿ ಬಂದ್ಮೇಲೆ ಹೊಟ್ಟೆ ತುಂಬ ಟೀ ಕುಡಿದಿದ್ದು ಇವತ್ತೇ. ಗುಟುಕು ಗುಟುಕು ಕೊಟ್ಟು ಸಾಯಿಸಿಬಿಟ್ರಿ ನನ್ನ."

ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ.

"ನಿಮ್ಮಮ್ಮ ಕಾಯ್ತಿದಾಳೇನೇ?" ಅಜ್ಜಿ ಕೇಳಿದಳು.

"ಹೂಂ ಅಜ್ಜಿ. ಬೆಳಗಿನಿಂದ."

"ನಮ್ಮಮ್ಮನೂ ಕಾಯ್ತಿದ್ಲು. ಕೊರಿಸು ಬಂದಾಗೆಲ್ಲ. ನಾನು ಇಲ್ಲಿ ಟೀ ಹಾಕ್ತಾ ಇದ್ದೆ." ಅಷ್ಟು ಹೇಳಿ ಅಜ್ಜಿ ಎರಡೂ ಅಂಗೈ ಮುಖದೆದುರು ತೆರೆದು ಹಿಡಿದಳು.

ಉಲ್ಬೋಸಿನ್ ಗಾಬರಿಯಾದಳು. "ಅಜ್ಜೀ, ಇನ್ನೂ ಮಾಂಸ ಬಡಿಸಿಲ್ಲ! ಈಗಲೇ ಆಶೀರ್ವಾದ ಬೇಡ!" ಆದರೆ ಹಿರಿಯಳ ಅಂಗೈ ತೆರೆದ ಮೇಲೆ ಮುಚ್ಚಿಸುವವರು ಯಾರು? ಒಬ್ಬೊಬ್ಬರಾಗಿ ಎಲ್ಲರೂ ಕೈ ತೆರೆದರು. ಹಬ್ಬ ಒಳ್ಳೆಯದಾಗಲಿ, ಈ ಮನೆಯ ಅನ್ನ ಅಕ್ಷಯವಾಗಲಿ, ಈ ಮಗು ಓಡುವ ಕಾಲಿನವನಾಗಲಿ, ಅಮ್ಮನ ತವರಿನ ದಾರಿ ಮರೆಯದವನಾಗಲಿ ಎಂದು ಅಜ್ಜಿ ಹರಸಿ ಮುಖ ಸವರಿಕೊಂಡಳು. ಆಮೀನ್ ಅಂದರು ಎಲ್ಲರೂ. ಆಶೀರ್ವಾದ ಆದ ಮೇಲೆ ಹಾಸಿನ ಮುಂದೆ ಕೂರುವ ಹಾಗಿಲ್ಲ. ಬೆರ್ದಿಬೆಕನೂ ಎದ್ದ. ಹಬ್ಬದಲ್ಲಿ ಮೊದಲ ಸಲ ಯಾರೂ ಹೇಳದೆ ಕಾರಿನ ಬೀಗದ ಕೈ ಹುಡುಕಿದ.

ಉಲ್ಬೋಸಿನ್ ಮಗುವನ್ನು ಅಕ್ಮರಾಲಳ ಕೈಗೆ ಒಗೆದಂತೆ ಕೊಟ್ಟು ಒಳಗೆ ಹೋದಳು. ಇವರು ಬೂಟು ಹಾಕಿಕೊಳ್ಳುವಾಗ ಕಣ್ಣು ಒರೆಸಿಕೊಂಡು ಹೊರಗೆ ಬಂದಳು, ಕೈಯಲ್ಲಿ ಹಬೆಯಾಡುವ ಮಾಂಸದ ಪೊಟ್ಟಣ.

"ತಗೋ. ನಿಮ್ಮಮ್ಮನಿಗೆ. ಪಕ್ಕೆಲುಬು ಇದೆ, ಚೆನ್ನಾಗಿರೋದೇ ಹಾಕಿದೀನಿ. ಆಮೇಲೆ ಅತ್ತಿಗೆ ಉಪವಾಸ ಕಳಿಸಿದ್ಲು ಅನ್ಬೇಡ." ಥ್ಯಾಂಕ್ಸ್ ಹೇಳುವ ಮುಂಚೆ ಬಾಗಿಲು ಹಾಕಿಕೊಂಡಳು.

ನದಿ ದಾಟುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಹುಲ್ಲುಗಾವಲಿನ ದಾರಿ ಕೆಸರೋ ಕೆಸರು. ಒಂದು ಕಡೆ ಚಕ್ರ ಹೂತು, ಬೆರ್ದಿಬೆಕ್ ಹಬ್ಬದ ಷರಾಯಿಯಲ್ಲೇ ಇಳಿದು ಹಲಗೆ ಕೊಟ್ಟು ಎತ್ತಿದ. ಅಕ್ಮರಾಲಳ ಕಣ್ಣು ಸೂರ್ಯನ ಮೇಲೆ. ಬೆಳಗಿನಿಂದ ನಿದ್ದೆ ಕಾಣದ ಅಲ್ದಿಯಾರ್ ಕೊನೆಗೂ ಅವಳ ಭುಜದ ಮೇಲೆ ಬಿದ್ದು ನಿದ್ದೆ ಹೋದ. ಎಲ್ಲ ಬಿಟ್ಟು ಈಗ! ಅವಳು ಕೆನ್ನೆ ತಟ್ಟಿದಳು, ಪಾದ ಕೆರೆದಳು. ಕಲ್ಲು ಬಿದ್ದ ಹಾಗೆ ಮಲಗಿದ್ದ.

ಬಾತಿಮಾ ಬೇಲಿಯ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ, ರಬ್ಬರ್ ಬೂಟಿನ ಸುತ್ತ ಕೆಸರು ಒಣಗಿತ್ತು. ಎರಡು ಕೈ ಹಿಡಿದು ಶುಭ ಹೇಳುವುದನ್ನೂ ಮರೆತು ಅಕ್ಮರಾಲ್ ಒಳಗೆ ನುಗ್ಗಿದಳು.

"ಅಮ್ಮ, ಹುರಿ ತಗೊಂಡ್ಬಾ, ಬೇಗ! ಹೊತ್ತು ಮುಳುಗ್ತಾ ಇದೆ. ಇವನನ್ನ ಎಬ್ಬಿಸ್ತೀನಿ, ಅಳಲಿ ಬಿಡು, ಕಟ್ಟಿ ಕತ್ತರಿಸಿಬಿಡು. ಏಳೋ, ಏಳೋ ಕಂದ!"

ಬಾತಿಮಾ ಜೇಬಿನಿಂದ ಹುರಿ ತೆಗೆದಿದ್ದಳು. ಬೆಳಗಿನಿಂದ ಬೆರಳಲ್ಲಿ ಹೊಸೆದು ಹೊಸೆದು ಅದು ನುಣುಪಾಗಿತ್ತು. ಅವಳು ಮೊಮ್ಮಗನನ್ನು ನೋಡಿದಳು. ಮಗಳನ್ನು ನೋಡಿದಳು, ಕೆದರಿದ ಕೂದಲು, ಕಲೆಯಾದ ಲಂಗ, ಮಗುವನ್ನು ಹೊತ್ತು ಹೊತ್ತು ಸೋತ ತೋಳು. ಹುರಿಯನ್ನು ಸುತ್ತಿ ಮತ್ತೆ ಜೇಬಿಗೆ ಹಾಕಿಕೊಂಡಳು.

"ಮಲಗಿರೋ ಮಗೂನ ಎಬ್ಬಿಸ್ತಾರೇನೇ? ಹೊತ್ತು ಮುಳುಗೇಹೋಯ್ತು ಬಿಡು. ಇನ್ನು ಬೆಳಿಗ್ಗೆನೇ ಕತ್ತರಿಸೋದು."

"ಬೆಳಿಗ್ಗೆ ಅಂದ್ರೆ..." ಅಂದ ಬೆರ್ದಿಬೆಕ್, "ನಾವು ರಾತ್ರಿನೇ ವಾಪಸ್ಸು..."

"ಅಜ್ಜೀ, ಸೂರ್ಯ ಇನ್ನೂ ಅಲ್ಲೇ ಇದಾನೆ!" ಕಿಟಕಿಯ ಹತ್ತಿರ ಮೋಲ್ದಿರ್ ಕೂಗಿದಳು. "ನೋಡಿ, ಇಷ್ಟು ದೊಡ್ಡಕಿದಾನೆ!"

ಇದ್ದ. ಹುಲ್ಲುಗಾವಲಿನ ಅಂಚಿನ ಮೇಲೆ ಒಂದು ಗೇಣು ಎತ್ತರದಲ್ಲಿ ಕೆಂಪಗೆ ಕೂತಿದ್ದ. ಬಾತಿಮಾ ಹೋಗಿ ಪರದೆ ಎಳೆದಳು.

"ಮುಳುಗ್ತು" ಅಂದಳು.

ಬೆರ್ದಿಬೆಕ್ ಪರದೆಯನ್ನು ನೋಡಿದ. ಅದರ ಬಟ್ಟೆಯಲ್ಲಿ ಬೆಳಕು ಇನ್ನೂ ಕೆಂಪಾಗಿತ್ತು. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅಕ್ಕನದು. ಅವನು ಅದನ್ನು ತೆಗೆದು, ಬೋರಲು ಇಟ್ಟು, ಕೆಸರಾದ ಷರಾಯಿಯನ್ನು ಮಡಚಿಕೊಂಡು ಹಾಸಿನ ಮುಂದೆ ಕೂತ.

ಅಕ್ಮರಾಲ್ ರೂಢಿಯ ಮೇಲೆ ಸಮೋವರಿನ ಪಕ್ಕಕ್ಕೆ ಹೋದಳು. ತಾಯಿ ಅವಳ ಕೈಯಿಂದ ಕೆಟಲು ಕಿತ್ತುಕೊಂಡು, ಭುಜ ಹಿಡಿದು ಮೇಲಿನ ಜಾಗದಲ್ಲಿ, ದಿಂಬಿಗೆ ಒರಗಿಸಿ ಕೂರಿಸಿದಳು. ಮಗು ಪಕ್ಕದಲ್ಲಿ ಬಾಯಿ ತೆರೆದು ಮಲಗಿತ್ತು. ಬೆಳಗಿನಿಂದ ಮೊದಲ ಸಲ ಅವಳ ಎರಡು ಕೈಯೂ ಖಾಲಿಯಿದ್ದವು. ಏನು ಮಾಡಬೇಕು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು.

"ಬಾಯಾರಿ ಸಾಯ್ತಿದೀನಿ ಅಮ್ಮ," ಅಂದಳು. ಅಳು ಈಗ ಬಂದಿತ್ತು, ಮೂಗು ಸೋರುತ್ತಿತ್ತು. "ತುಂಬ ಹಾಕು."

"ಹಾಕಲ್ಲ" ಅಂದಳು ಬಾತಿಮಾ. ಅವಳು ಕೆಟಲನ್ನು ಬಾಗಿಸಿ, ಬಟ್ಟಲಿನ ತಳದ ಹೂವು ಮುಳುಗುವ ಮುಂಚೆಯೇ ನಿಲ್ಲಿಸಿದಳು.